ರಾಜಸೇವೆ ಮತ್ತು ಶ್ರಾವಕ ಧರ್ಮ: ಸೇನಾಪತಿ ಚಾವುಂಡರಾಯನ ಜೀವನ

ಶ್ರವಣಬೆಳಗೊಳದ ಭಗವಾನ್ ಬಾಹುಬಲಿ ಸ್ವಾಮಿಯ ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯ ಎಂಬುದು ಜೈನ ಮನೆಗಳ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಆತನ ನೌಕರಿ ಏನಾಗಿತ್ತು ಎಂದು ಕೇಳಿದರೆ ಹಿರಿಯರೂ ಒಂದು ಕ್ಷಣ ಯೋಚಿಸುತ್ತಾರೆ. ಆತ ಮುನಿಯಲ್ಲ, ಭಟ್ಟಾರಕನಲ್ಲ, ವ್ಯಾಪಾರಿಯೂ ಅಲ್ಲ. ಗಂಗ ಅರಸರ ಮಂತ್ರಿ ಮತ್ತು ಸೇನಾಪತಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸರ್ಕಾರದ ಅತಿ ದೊಡ್ಡ ಅಧಿಕಾರಿ, ಸೈನ್ಯದ ಮುಖ್ಯಸ್ಥ. ಯುದ್ಧ ಮಾಡುವುದು ಆತನ ಕೆಲಸವಾಗಿತ್ತು.

ಅಹಿಂಸೆಯೇ ಪರಮ ಧರ್ಮ ಎಂದು ನಂಬಿದ ಮನೆಯಲ್ಲಿ ಹುಟ್ಟಿದವನು ಇಂಥ ಕೆಲಸ ಮಾಡಬಹುದೇ? ಮಾಡಿದರೆ ಆತನ ಧರ್ಮ ಉಳಿಯುತ್ತದೆಯೇ? ಈ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ಮಗ ಪೊಲೀಸ್ ಇಲಾಖೆಗೆ ಅರ್ಜಿ ಹಾಕಿದಾಗ, ಮಗಳು ಸೈನ್ಯಕ್ಕೆ ಸೇರುತ್ತೇನೆ ಎಂದಾಗ, ಪಶು ಇಲಾಖೆಯಲ್ಲೋ ಆಹಾರ ಇಲಾಖೆಯಲ್ಲೋ ಇರುವವರು ತಮ್ಮ ಮನಸ್ಸಿಗೆ ಒಗ್ಗದ ಆದೇಶವನ್ನು ಪಾಲಿಸಬೇಕಾಗಿ ಬಂದಾಗ, ಜೈನ ಕುಟುಂಬಗಳಲ್ಲಿ ಇದೇ ಮಾತು ಬರುತ್ತದೆ. ಸಾವಿರ ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಎದುರಿಸಿ ಬದುಕಿದ ಒಬ್ಬ ಶ್ರಾವಕನ ಜೀವನವನ್ನು ಆ ದೃಷ್ಟಿಯಿಂದ ನೋಡುವುದು ಈ ಲೇಖನದ ಉದ್ದೇಶ.

ಕುಲ, ತಾಯಿ, ಗುರುಗಳು

ಚಾವುಂಡರಾಯನು ಬ್ರಹ್ಮಕ್ಷತ್ರ ವಂಶದವನು. ತಾಯಿ ಕಾಳಲಾದೇವಿ ಪರಮ ಜಿನಭಕ್ತೆ. ಆಕೆಯ ಹೆಸರು ಬಾಹುಬಲಿ ಮೂರ್ತಿಯ ಕಥೆಯೊಂದಿಗೆ ಇಂದಿಗೂ ಸೇರಿಕೊಂಡಿದೆ. ಆತನ ಧರ್ಮಗುರುಗಳು ಅಜಿತಸೇನ ಆಚಾರ್ಯರು. ಸಿದ್ಧಾಂತ ಶಾಸ್ತ್ರದಲ್ಲಿ ಮಾರ್ಗದರ್ಶನ ನೀಡಿದವರು ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ಮನೆಯವರು ಆತನನ್ನು ಪ್ರೀತಿಯಿಂದ ಗೊಮ್ಮಟ ಎಂದು ಕರೆಯುತ್ತಿದ್ದರು. ನೇಮಿಚಂದ್ರ ಆಚಾರ್ಯರು ಆತನ ನಿಮಿತ್ತವಾಗಿ ರಚಿಸಿದ ಮಹಾಗ್ರಂಥಕ್ಕೆ ಗೊಮ್ಮಟಸಾರ ಎಂಬ ಹೆಸರು ಬಂದದ್ದೂ, ಬೆಟ್ಟದ ಮೇಲಿನ ಸ್ವಾಮಿಗೆ ಗೊಮ್ಮಟೇಶ್ವರ ಎಂಬ ಹೆಸರು ಬಂದದ್ದೂ ಇದರಿಂದಲೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಗುರುಗಳ ಪಾದದಲ್ಲಿ ಕುಳಿತು ಶಾಸ್ತ್ರ ಕಲಿತವನು ಅಲ್ಲಿಂದ ಎದ್ದು ಹೋಗುತ್ತಿದ್ದದ್ದು ಅರಮನೆಗೆ ಮತ್ತು ಸೈನ್ಯದ ಬೀಡಿಗೆ. ಎರಡೂ ಆತನದೇ ಬದುಕು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೋರಿಸುವ ಅಭ್ಯಾಸ ಆತನಿಗೆ ಇರಲಿಲ್ಲ.

ಕಷ್ಟದ ಕಾಲದ ನೌಕರಿ

ಚಾವುಂಡರಾಯನು ಸೇವೆ ಮಾಡಿದ ಕಾಲ ಶಾಂತಿಯ ಕಾಲವಲ್ಲ. ತಲಕಾಡನ್ನು ರಾಜಧಾನಿಯಾಗಿ ಮಾಡಿಕೊಂಡು ಆಳುತ್ತಿದ್ದ ಗಂಗರು ಆಗ ರಾಷ್ಟ್ರಕೂಟ ಚಕ್ರವರ್ತಿಗಳ ಸಾಮಂತರು ಮತ್ತು ನೆಂಟರು. ಮಾರಸಿಂಹನು 963ರ ಸುಮಾರಿಗೆ ಪಟ್ಟಕ್ಕೆ ಬಂದ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗಾಗಿ ದೂರದ ಉತ್ತರದವರೆಗೆ ದಂಡೆತ್ತಿ ಹೋದ ಅರಸ ಆತ. ನೊಳಂಬರನ್ನು ಸೋಲಿಸಿ ನೊಳಂಬಕುಲಾಂತಕ ಎಂಬ ಬಿರುದು ಪಡೆದ. ಈ ಮಾರಸಿಂಹನ ಕಾಲದಲ್ಲಿ ಚಾವುಂಡರಾಯನು ಮಂತ್ರಿಯಾಗಿ, ಸೇನಾಪತಿಯಾಗಿ ಬೆಳೆದ.

973ರಲ್ಲಿ ದೊಡ್ಡ ಮರವೇ ಉರುಳಿತು. ಚಾಲುಕ್ಯ ತೈಲಪನು ರಾಷ್ಟ್ರಕೂಟರ ರಾಜ್ಯವನ್ನು ಕಿತ್ತುಕೊಂಡ. ಮಾರಸಿಂಹನು ತನ್ನ ಸೋದರಳಿಯ ನಾಲ್ಕನೆಯ ಇಂದ್ರನನ್ನು ರಾಷ್ಟ್ರಕೂಟ ಸಿಂಹಾಸನದಲ್ಲಿ ಕೂರಿಸಲು ಪ್ರಯತ್ನಿಸಿದ. ಆ ಪ್ರಯತ್ನ ಫಲಿಸಲಿಲ್ಲ. ಕೊನೆಗೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಸ್ವೀಕರಿಸಿ 3 ದಿನಗಳ ಉಪವಾಸದಿಂದ ದೇಹ ಬಿಟ್ಟ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ ಕೂಗೆ ಬ್ರಹ್ಮದೇವರ ಕಂಬದ ಶಾಸನ ಆ ಅರಸನ ಯುದ್ಧಗಳನ್ನೂ ಸಮಾಧಿಯನ್ನೂ ಒಟ್ಟಿಗೆ ಹೇಳುತ್ತದೆ. ಮುಂದೆ 982ರಲ್ಲಿ ಇಂದ್ರನೂ ಶ್ರವಣಬೆಳಗೊಳದಲ್ಲಿಯೇ ಸಲ್ಲೇಖನ ಮಾಡಿದ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅಜಿತಸೇನರು ಮಾರಸಿಂಹನಿಗೂ ಗುರುಗಳು, ಚಾವುಂಡರಾಯನಿಗೂ ಗುರುಗಳು. ಅರಸನು ಎಲ್ಲವನ್ನೂ ಬಿಟ್ಟು ಸಮಾಧಿ ಹೊಂದಿದಾಗ ಮಂತ್ರಿಯ ಮುಂದೆಯೂ ಆ ದಾರಿ ತೆರೆದಿತ್ತು. ಆದರೆ ಆತ ಹೊರಡಲಿಲ್ಲ. ಮೇಲಿನ ಚಕ್ರವರ್ತಿ ಇಲ್ಲ, ತನ್ನ ಅರಸ ಇಲ್ಲ, ಪಟ್ಟಕ್ಕೆ ಹಲವರ ಕಣ್ಣು, ಗಡಿಯಲ್ಲಿ ಶತ್ರುಗಳು. ಆ ಹೊತ್ತಿನಲ್ಲಿ ಅಧಿಕಾರಿ ಕೈಬಿಟ್ಟರೆ ಪ್ರಜೆಗಳ ಗತಿ ಏನು? ಗಂಗರ ಪಟ್ಟಕ್ಕೆ ಪಾಂಚಾಲದೇವ ಎಂಬವನೂ ಹಕ್ಕು ಸಾಧಿಸಿ ಎದ್ದಿದ್ದ. ಚಾವುಂಡರಾಯನು ನಾಲ್ಕನೆಯ ರಾಚಮಲ್ಲನ ಪಕ್ಷದಲ್ಲಿ ನಿಂತು ಆತನ ಪಟ್ಟವನ್ನು ಕಾಪಾಡಿದ. ಸೈನ್ಯ ಕೈಯಲ್ಲಿರುವ ಸೇನಾಪತಿಗಳು ತಾವೇ ಅರಸರಾದ ಉದಾಹರಣೆ ಚರಿತ್ರೆಯಲ್ಲಿ ಬೇಕಾದಷ್ಟಿವೆ. ಚಾವುಂಡರಾಯನು ಕೊನೆಯವರೆಗೂ ಮಂತ್ರಿಯಾಗಿಯೇ ಉಳಿದ. ಅಧಿಕಾರ ಆತನ ಪಾಲಿಗೆ ವಹಿಸಿಕೊಟ್ಟ ಜವಾಬ್ದಾರಿಯಾಗಿತ್ತು, ಸ್ವಂತ ಆಸ್ತಿಯಾಗಿರಲಿಲ್ಲ. ಅಪರಿಗ್ರಹ ಎಂಬ ಮಾತಿಗೆ ಇದೂ ಒಂದು ಅರ್ಥ.

ಬಿರುದುಗಳ ಎರಡು ಪಟ್ಟಿ

ಚಾವುಂಡರಾಯನಿಗೆ ಬಂದ ಬಿರುದುಗಳನ್ನು ಆತನೇ ತನ್ನ ಪುರಾಣದಲ್ಲಿ ದಾಖಲಿಸಿದ್ದಾನೆ. ಅವನ್ನು ಅಂಗಡಿಯ ಖಾತೆ ಪುಸ್ತಕದಂತೆ ಎರಡು ಬದಿಯಲ್ಲಿ ಬರೆದು ನೋಡಬಹುದು.

ಒಂದು ಬದಿಯಲ್ಲಿ ಯುದ್ಧದ ಬಿರುದುಗಳು. ಖೇಡಗದ ಯುದ್ಧದಲ್ಲಿ ವಜ್ವಲದೇವನನ್ನು ಸೋಲಿಸಿದ್ದಕ್ಕೆ ಸಮರ ಧುರಂಧರ. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ತೋರಿದ ಪರಾಕ್ರಮಕ್ಕೆ ವೀರ ಮಾರ್ತಾಂಡ. ಉಚ್ಚಂಗಿ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿದ್ದಕ್ಕೆ ರಣರಂಗ ಸಿಂಗ. ಬಾಗೆಯೂರು ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದಿದ್ದಕ್ಕೆ ವೈರಿಕುಲ ಕಾಲದಂಡ. ಇವುಗಳ ಜೊತೆಗೆ ಭುಜವಿಕ್ರಮ, ಸಮರ ಪರಶುರಾಮ.

ಇನ್ನೊಂದು ಬದಿಯಲ್ಲಿ ಧರ್ಮದ ಬಿರುದುಗಳು. ತಮಾಷೆಗೂ ಸುಳ್ಳು ಹೇಳದವನಾದ್ದರಿಂದ ಸತ್ಯ ಯುಧಿಷ್ಠಿರ. ಶ್ರದ್ಧೆಯಲ್ಲಿ ಅಚಲನಾಗಿದ್ದರಿಂದ ಸಮ್ಯಕ್ತ್ವ ರತ್ನಾಕರ. ಸದ್ಗುಣಗಳಿಗಾಗಿ ಗುಣರತ್ನ ಭೂಷಣ. ದಾನಕ್ಕೆ ಹೆಸರಾದವನನ್ನು ಜನ ರಾಯ ಎಂದೂ ಅಣ್ಣ ಎಂದೂ ಕರೆದರು.

ಶತ್ರುವಿಗೆ ಕಾಲದಂಡನಾದವನೂ ತಮಾಷೆಗೂ ಸುಳ್ಳಾಡದವನೂ ಒಬ್ಬನೇ ಮನುಷ್ಯ. ರಾಜಕಾರಣದಲ್ಲಿ, ಅದರಲ್ಲೂ ಯುದ್ಧಕಾಲದ ಮಂತ್ರಿಗೆ, ಸುಳ್ಳು ಬಹಳ ಅನುಕೂಲದ ವಸ್ತು. ಅಂಥ ಹುದ್ದೆಯಲ್ಲಿ ಕುಳಿತು ಸತ್ಯ ಯುಧಿಷ್ಠಿರ ಎನಿಸಿಕೊಳ್ಳುವುದು ಗೋನೂರಿನ ಬಯಲಿನಲ್ಲಿ ಗೆದ್ದದ್ದಕ್ಕಿಂತ ಸುಲಭದ ಕೆಲಸವಲ್ಲ.

ಶಾಸ್ತ್ರ ಏನು ಹೇಳುತ್ತದೆ

ಜಿನಧರ್ಮವು ಮುನಿಗೂ ಗೃಹಸ್ಥನಿಗೂ ಒಂದೇ ಅಳತೆ ಇಟ್ಟಿಲ್ಲ. ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ. ಶ್ರಾವಕಾಚಾರವನ್ನು ವಿವರಿಸುವವರು ಹಿಂಸೆಯನ್ನು 4 ಬಗೆಯಾಗಿ ಹೇಳುತ್ತಾರೆ. ಕೊಲ್ಲಬೇಕೆಂದೇ ಸಂಕಲ್ಪ ಮಾಡಿ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಡುಗೆ, ಮನೆ ಕೆಲಸಗಳಲ್ಲಿ ಆಗುವುದು ಆರಂಭೀ ಹಿಂಸೆ. ಬೇಸಾಯ, ವ್ಯಾಪಾರ ಮುಂತಾದ ಉದ್ಯೋಗದಲ್ಲಿ ಆಗುವುದು ಉದ್ಯೋಗೀ ಹಿಂಸೆ. ತನ್ನನ್ನು, ತನ್ನ ಆಶ್ರಿತರನ್ನು, ಧರ್ಮವನ್ನು, ದೇಶವನ್ನು ಕಾಪಾಡುವಾಗ ಆಗುವುದು ವಿರೋಧೀ ಹಿಂಸೆ. ಗೃಹಸ್ಥನು ಮೊದಲನೆಯದನ್ನು ಪೂರ್ತಿಯಾಗಿ ಬಿಡಬೇಕು. ಉಳಿದ ಮೂರನ್ನು ಎಚ್ಚರದಿಂದ ಆದಷ್ಟು ಕಡಿಮೆ ಮಾಡಬೇಕು.

ಇದನ್ನು ತಪ್ಪಾಗಿ ತಿಳಿಯಬಾರದು. ವಿರೋಧೀ ಹಿಂಸೆಗೆ ಪಾಪವೇ ಇಲ್ಲ ಎಂದು ಶಾಸ್ತ್ರ ಹೇಳುವುದಿಲ್ಲ. ಗೃಹಸ್ಥನಿಗೆ ಅದು ತಪ್ಪಿಸಲಾಗದ್ದು ಎಂದಷ್ಟೇ ಹೇಳುತ್ತದೆ. ಕರ್ಮಬಂಧ ಎಷ್ಟು ಗಟ್ಟಿ ಎಂಬುದು ಒಳಗಿನ ಕಷಾಯದ ಮೇಲೆ, ಅಂದರೆ ಕ್ರೋಧ, ಮಾನ, ಮಾಯೆ, ಲೋಭಗಳ ತೀವ್ರತೆಯ ಮೇಲೆ ನಿಂತಿದೆ. ಆದ್ದರಿಂದಲೇ ಪ್ರತಿಕ್ರಮಣ, ಸಾಮಾಯಿಕ, ದಾನ, ಸ್ವಾಧ್ಯಾಯಗಳು ಶ್ರಾವಕನಿಗೆ ನಿತ್ಯ ಬೇಕು.

ಚಾವುಂಡರಾಯನು ಈ ವಿಷಯವನ್ನು ಕೇಳಿ ತಿಳಿದವನು ಮಾತ್ರವಲ್ಲ, ಬರೆದವನೂ ಹೌದು. ಸಂಸ್ಕೃತದಲ್ಲಿ ಆತ ರಚಿಸಿದ ಚಾರಿತ್ರಸಾರ ಎಂಬ ಗ್ರಂಥ ಗೃಹಸ್ಥರ ಮತ್ತು ಮುನಿಗಳ ಆಚಾರವನ್ನು ಹೇಳುತ್ತದೆ. ಅದರಲ್ಲಿ ಗೃಹಸ್ಥನ 6 ಕರ್ಮಗಳನ್ನು ಎಣಿಸಲಾಗಿದೆ: ಇಜ್ಯಾ ಅಂದರೆ ಪೂಜೆ, ವಾರ್ತಾ ಅಂದರೆ ಜೀವನೋಪಾಯ, ದತ್ತಿ ಅಂದರೆ ದಾನ, ನಂತರ ಸ್ವಾಧ್ಯಾಯ, ಸಂಯಮ, ತಪಸ್ಸು. ಜೀವನೋಪಾಯವೆಂದರೆ ಅಸಿ, ಮಸಿ, ಕೃಷಿ, ವಾಣಿಜ್ಯ, ಶಿಲ್ಪ ಮುಂತಾದ ವೃತ್ತಿಗಳಿಂದ ಶುದ್ಧ ನಡತೆಯಲ್ಲಿ ಸಂಪಾದಿಸುವುದು. ಅಸಿ ಎಂದರೆ ಖಡ್ಗ, ಮಸಿ ಎಂದರೆ ಲೇಖನಿಯ ಕೆಲಸ.

ಹೊಟ್ಟೆಪಾಡಿನ ಕೆಲಸ ಧರ್ಮದ ಹೊರಗಿನ ವಿಷಯವಲ್ಲ. ಪೂಜೆ ಮತ್ತು ದಾನದ ನಡುವೆ ಅದಕ್ಕೂ ಒಂದು ಸ್ಥಾನವಿದೆ. ಬೆಳಿಗ್ಗೆ ಬಸದಿಗೆ ಹೋಗಿ ಬಂದರೆ ಧರ್ಮ ಮುಗಿಯಿತು, ಕಚೇರಿಯಲ್ಲಿ ಹೇಗಿದ್ದರೂ ನಡೆಯುತ್ತದೆ ಎನ್ನುವಂತಿಲ್ಲ. ಹಾಗೆಯೇ ಖಡ್ಗ ಹಿಡಿದವನು ಶ್ರಾವಕನೇ ಅಲ್ಲ ಎನ್ನುವಂತೆಯೂ ಇಲ್ಲ. ಶುದ್ಧ ನಡತೆ ಎಂಬ ಷರತ್ತು ಎಲ್ಲ ವೃತ್ತಿಗೂ ಒಂದೇ. ಖಡ್ಗ ಮುಟ್ಟದ ವ್ಯಾಪಾರಿ ತೂಕದಲ್ಲಿ ಮೋಸ ಮಾಡಿದರೆ ಆ ಷರತ್ತು ಅಲ್ಲಿಯೇ ಮುರಿಯಿತು.

ತಮ್ಮನ ಸಾವು

ಚಾವುಂಡರಾಯನ ಜೀವನದಲ್ಲಿ ಒಂದು ಘಟನೆ ಇದೆ. ಪ್ರವಚನಗಳಲ್ಲಿ ಇದನ್ನು ಹೆಚ್ಚಾಗಿ ಹೇಳುವುದಿಲ್ಲ. ಆದರೆ ಧರ್ಮ ಮತ್ತು ಕರ್ತವ್ಯದ ಪ್ರಶ್ನೆ ಅತಿ ಕಠಿಣವಾಗುವುದು ಇಲ್ಲಿಯೇ.

ಚಲದಂಕ ಗಂಗ ಎಂಬ ಬಿರುದಿನ ಮುದುರಾಚಯ್ಯನು ಗಂಗರ ರಾಜ್ಯವನ್ನು ತಾನು ಕಸಿದುಕೊಳ್ಳಬೇಕೆಂದು ಹೊರಟವನು. ಆತ ಚಾವುಂಡರಾಯನ ತಮ್ಮ ನಾಗವರ್ಮನನ್ನು ಕೊಂದಿದ್ದ. ಚಾವುಂಡರಾಯನು ಆತನನ್ನು ಯುದ್ಧದಲ್ಲಿ ಕೊಂದ. ಸಮರ ಪರಶುರಾಮ ಎಂಬ ಬಿರುದು ಬಂದದ್ದು ಇದಕ್ಕೆ. ತಂದೆಯ ಕೊಲೆಗೆ ಸೇಡು ತೀರಿಸಿಕೊಂಡ ಪರಶುರಾಮನ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ.

ಮುದುರಾಚಯ್ಯನನ್ನು ತಡೆಯುವುದು ಸೇನಾಪತಿಯ ಕರ್ತವ್ಯ. ರಾಜ್ಯ ಕಸಿಯಲು ಬಂದವನನ್ನು ಎದುರಿಸದಿದ್ದರೆ ಆತ ಸಂಬಳ ತಿಂದು ದ್ರೋಹ ಮಾಡಿದಂತೆ. ಆದರೆ ಎದುರಿಗಿದ್ದವನು ರಾಜ್ಯದ ಶತ್ರು ಮಾತ್ರವಲ್ಲ, ತಮ್ಮನ ಕೊಲೆಗಾರ. ಹೊರಗಿನವರಿಗೆ ಕಂಡದ್ದು ಒಂದು ಖಡ್ಗದ ಒಂದೇ ಏಟು. ಅದರಲ್ಲಿ ಕರ್ತವ್ಯದ ಪಾಲೆಷ್ಟು, ಸೇಡಿನ ಪಾಲೆಷ್ಟು ಎಂಬುದು ಖಡ್ಗ ಹಿಡಿದವನ ಆತ್ಮಕ್ಕೆ ಬಿಟ್ಟು ಬೇರೆ ಯಾರಿಗೂ ತಿಳಿಯದು. ಶಾಸ್ತ್ರದ ಲೆಕ್ಕದಲ್ಲಿ ಮೊದಲನೆಯದು ವಿರೋಧೀ ಹಿಂಸೆ. ಎರಡನೆಯದು ಸಂಕಲ್ಪೀ ಹಿಂಸೆಗೆ ಬಹಳ ಹತ್ತಿರ.

ಚಾವುಂಡರಾಯನಿಗಾಗಿ ರಚಿತವಾದ ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕಷಾಯಗಳ ಸಂಸ್ಕಾರ ಮನಸ್ಸಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬ ಅಳತೆ ಇದೆ. ಸಂಜ್ವಲನ ಕಷಾಯ ಒಂದು ಅಂತರ್ಮುಹೂರ್ತ, ಅಂದರೆ 48 ನಿಮಿಷದೊಳಗೆ. ಪ್ರತ್ಯಾಖ್ಯಾನಾವರಣ 15 ದಿನ. ಅಪ್ರತ್ಯಾಖ್ಯಾನಾವರಣ 6 ತಿಂಗಳು. ಅದಕ್ಕೂ ಮೀರಿ ಉಳಿದದ್ದು ಅನಂತಾನುಬಂಧಿ, ಜನ್ಮಜನ್ಮಾಂತರಕ್ಕೂ ಬೆನ್ನು ಹತ್ತುವಂಥದ್ದು, ಸಮ್ಯಕ್ತ್ವವನ್ನೇ ಕೆಡಿಸುವಂಥದ್ದು. ವ್ರತಧಾರಿ ಶ್ರಾವಕನ ಸಿಟ್ಟು 15 ದಿನಕ್ಕಿಂತ ಹೆಚ್ಚು ಉಳಿಯಬಾರದು ಎಂದು ಹಿರಿಯರು ಹೇಳುವುದು ಈ ಲೆಕ್ಕದ ಮೇಲೆ. ಸಮ್ಯಕ್ತ್ವ ರತ್ನಾಕರ ಎನಿಸಿಕೊಂಡ ಸೇನಾಪತಿಗೆ ಈ ಮಾತು ಎಷ್ಟು ತಟ್ಟಿರಬಹುದು ಎಂದು ಊಹಿಸಬಹುದು.

ಚಾವುಂಡರಾಯನು ಈ ಘಟನೆಯನ್ನು ಬಚ್ಚಿಡಲಿಲ್ಲ. ತೀರ್ಥಂಕರರ ಚರಿತೆಯನ್ನು ಹೇಳುವ ಪವಿತ್ರ ಗ್ರಂಥದಲ್ಲಿಯೇ ತನ್ನ ಯುದ್ಧಗಳನ್ನೂ ಈ ಕೊಲೆಯನ್ನೂ ಬರೆದಿಟ್ಟ. ಆ ಕಾಲಕ್ಕೆ ಅದು ವೀರನ ಹೆಮ್ಮೆ. ಆದರೆ ಇಂದು ಓದುವವರಿಗೆ ಅದರಿಂದ ಒಂದು ಪ್ರಯೋಜನವೂ ಇದೆ. ಧರ್ಮಾತ್ಮನಾದ ಅಧಿಕಾರಿಯ ಖಾತೆಯಲ್ಲಿಯೂ ಖರ್ಚಿನ ಬದಿ ಇರುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಖಡ್ಗದ ಜೊತೆ ಲೇಖನಿ

978ರಲ್ಲಿ ಚಾವುಂಡರಾಯನು ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಪೂರ್ಣಗೊಳಿಸಿದ. ಇದನ್ನೇ ಚಾವುಂಡರಾಯ ಪುರಾಣ ಎನ್ನುತ್ತಾರೆ. 24 ತೀರ್ಥಂಕರರು, 12 ಚಕ್ರವರ್ತಿಗಳು, 9 ಬಲದೇವರು, 9 ವಾಸುದೇವರು, 9 ಪ್ರತಿವಾಸುದೇವರು, ಒಟ್ಟು 63 ಶಲಾಕಾ ಪುರುಷರ ಚರಿತೆ ಅದರಲ್ಲಿದೆ. ಜಿನಸೇನ ಮತ್ತು ಗುಣಭದ್ರ ಆಚಾರ್ಯರ ಸಂಸ್ಕೃತ ಮಹಾಪುರಾಣವನ್ನು ಅನುಸರಿಸಿ ಬರೆದದ್ದು. ಪಂಪ, ಪೊನ್ನರಂಥ ಕವಿಗಳು ಚಂಪೂ ಕಾವ್ಯ ಬರೆಯುತ್ತಿದ್ದ ಕಾಲದಲ್ಲಿ ಈತ ಗದ್ಯವನ್ನು ಆರಿಸಿಕೊಂಡ. ಕನ್ನಡದ ಅತಿ ಹಳೆಯ ಗದ್ಯ ಗ್ರಂಥಗಳಲ್ಲಿ ವಡ್ಡಾರಾಧನೆಯ ಜೊತೆಗೆ ಇದರ ಹೆಸರು ಬರುತ್ತದೆ.

ಇದನ್ನು ಬರೆದಾಗ ಆತ ನಿವೃತ್ತನಾಗಿರಲಿಲ್ಲ. ರಾಚಮಲ್ಲನ ಆಳ್ವಿಕೆಯ ಮೊದಲ ವರ್ಷಗಳು ಅವು. ಕೆಲಸದ ಒತ್ತಡದಲ್ಲಿ ಸ್ವಾಧ್ಯಾಯಕ್ಕೆ ಸಮಯವಿಲ್ಲ ಎನ್ನುವವರು ಈ ವರ್ಷವನ್ನು ನೆನಪಿಡಬಹುದು.

ವಿದ್ಯೆಗೆ ಆತ ಕೊಟ್ಟ ಆಶ್ರಯಕ್ಕೆ ಕವಿ ರನ್ನನೇ ಸಾಕ್ಷಿ. ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯ ಹುಡುಗ ವಿದ್ಯೆ ಅರಸಿ ದಕ್ಷಿಣಕ್ಕೆ ಬಂದ. ಅಜಿತಸೇನರಲ್ಲಿ ಕಲಿತ, ಚಾವುಂಡರಾಯನ ಆಶ್ರಯದಲ್ಲಿ ಬೆಳೆದ. ಮುಂದೆ ಕವಿಚಕ್ರವರ್ತಿಯಾದ ಮೇಲೂ ಆ ಋಣ ಮರೆಯಲಿಲ್ಲ. ತನ್ನ ಮಗನಿಗೆ ರಾಯ ಎಂದು, ಮಗಳಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಇಟ್ಟ.

ಬಾಹುಬಲಿಯೇ ಏಕೆ?

ಮೂರ್ತಿಯ ಕಥೆ ಎಲ್ಲರಿಗೂ ಗೊತ್ತಿದೆ. ಪೋದನಪುರದಲ್ಲಿ ಭರತ ಚಕ್ರವರ್ತಿ ಮಾಡಿಸಿದ ಬಾಹುಬಲಿಯ ಬಿಂಬವನ್ನು ಕಾಣಬೇಕೆಂದು ಕಾಳಲಾದೇವಿ ಹಂಬಲಿಸಿದಳು. ಮಗ ತಾಯಿಯನ್ನೂ ಗುರುಗಳನ್ನೂ ಕರೆದುಕೊಂಡು ಹೊರಟ. ಬೆಳಗೊಳದಲ್ಲಿ ತಂಗಿದಾಗ ಸ್ವಪ್ನವಾಯಿತು. ಚಿಕ್ಕಬೆಟ್ಟದ ಮೇಲೆ ನಿಂತು ದೊಡ್ಡಬೆಟ್ಟದ ಕಡೆಗೆ ಬಾಣ ಬಿಟ್ಟಾಗ ಬಂಡೆಯಲ್ಲಿ ಸ್ವಾಮಿಯ ರೂಪ ಕಂಡಿತು ಎನ್ನುತ್ತದೆ ಐತಿಹ್ಯ. 981ರ ಸುಮಾರಿಗೆ ವಿಂಧ್ಯಗಿರಿಯ ತುದಿಯ ಬಂಡೆಯಿಂದ ಸುಮಾರು 58 ಅಡಿ ಎತ್ತರದ ಏಕಶಿಲಾ ಮೂರ್ತಿ ಮೂಡಿ ನಿಂತಿತು.

ತಾಯಿಯ ಆಸೆ ಒಂದು ಕಾರಣ. ಆದರೆ ಯುದ್ಧಗಳಲ್ಲಿ ಅರ್ಧ ಆಯುಷ್ಯ ಕಳೆದ ಸೇನಾಪತಿಗೆ ಬಾಹುಬಲಿಯ ಚರಿತೆ ಬೇರೆ ರೀತಿಯಲ್ಲಿಯೂ ತಟ್ಟುವಂಥದ್ದು. ಆದಿಪುರಾಣದ ಕಥೆಯನ್ನು ನೆನಪಿಸಿಕೊಳ್ಳಿ. ಭರತ, ಬಾಹುಬಲಿ ಇಬ್ಬರ ಸೈನ್ಯಗಳೂ ಎದುರು ಬದುರು ನಿಂತಿವೆ. ಅಣ್ಣತಮ್ಮಂದಿರ ಜಗಳಕ್ಕೆ ಸಾವಿರಾರು ಜನ ಏಕೆ ಸಾಯಬೇಕು ಎಂದು ಎರಡೂ ಕಡೆಯ ಮಂತ್ರಿಗಳು ಕೂಡಿ ಯೋಚಿಸಿದರು. ಸೈನ್ಯಗಳ ಯುದ್ಧ ಬೇಡ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಇಬ್ಬರೇ ತೀರ್ಮಾನ ಮಾಡಿಕೊಳ್ಳಲಿ ಎಂದು ಒಪ್ಪಿಸಿದರು. ಮೂರರಲ್ಲೂ ಬಾಹುಬಲಿ ಗೆದ್ದ. ಗೆದ್ದ ಕ್ಷಣದಲ್ಲಿಯೇ ರಾಜ್ಯದ ಮೋಹ ಕಳಚಿತು. ಅಣ್ಣನಿಗೆ ಎಲ್ಲವನ್ನೂ ಬಿಟ್ಟುಕೊಟ್ಟು ಕಾಡಿಗೆ ಹೋಗಿ ನಿಂತ.

ಈ ಕಥೆಯಲ್ಲಿ ಮಂತ್ರಿಗಳ ಪಾತ್ರವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವರು ರಾಜೀನಾಮೆ ಕೊಟ್ಟು ಹೋಗಲಿಲ್ಲ, ಅರಸರ ವಿರುದ್ಧ ದಂಗೆ ಏಳಲಿಲ್ಲ, ಆಜ್ಞೆಯಾಯಿತು ಎಂದು ಕಣ್ಣು ಮುಚ್ಚಿ ಸೈನ್ಯವನ್ನು ನುಗ್ಗಿಸಲೂ ಇಲ್ಲ. ತಮ್ಮ ಹುದ್ದೆಯಲ್ಲಿದ್ದುಕೊಂಡೇ ಹಿಂಸೆಯನ್ನು ಕಡಿಮೆ ಮಾಡುವ ದಾರಿ ಹುಡುಕಿದರು, ಅದನ್ನು ಅರಸರ ಮುಂದೆ ಇಟ್ಟರು. ಸರ್ಕಾರದ ಕೆಲಸದಲ್ಲಿರುವ ಶ್ರಾವಕನಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಇಂಥ ಕಥೆಯ ನಾಯಕನನ್ನೇ ಒಬ್ಬ ಮಂತ್ರಿ ಬೆಟ್ಟದ ತುದಿಯಲ್ಲಿ ನಿಲ್ಲಿಸಿದ. ಗೆದ್ದ ವೀರನ ಕೈಯಲ್ಲಿ ಆಯುಧವಿಲ್ಲ, ಮೈಮೇಲೆ ಬಟ್ಟೆಯೂ ಇಲ್ಲ.

ಮೊದಲ ಅಭಿಷೇಕದ ಐತಿಹ್ಯವೂ ಅಧಿಕಾರಿಗಳಿಗೆ ಒಂದು ಪಾಠ. ಇಷ್ಟು ದೊಡ್ಡ ಕೆಲಸ ಮಾಡಿಸಿದೆ ಎಂಬ ಹೆಮ್ಮೆ ಚಾವುಂಡರಾಯನ ಮನಸ್ಸಿಗೆ ಬಂತು. ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪಾದದವರೆಗೆ ಇಳಿಯಲಿಲ್ಲ. ಗುಳ್ಳಕಾಯಿಯ ಚಿಪ್ಪಿನಲ್ಲಿ ಬಡ ಮುದುಕಿಯೊಬ್ಬಳು ತಂದ ಹಾಲಿನಿಂದ ಇಡೀ ಮೂರ್ತಿ ನೆನೆಯಿತು. ಆ ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ಸ್ವಾಮಿಯ ಎದುರಿನಲ್ಲಿದೆ. ಹುದ್ದೆ ದೊಡ್ಡದಾದಂತೆ ಬೆಳೆಯುವ ಕಷಾಯ ಕ್ರೋಧಕ್ಕಿಂತ ಹೆಚ್ಚಾಗಿ ಮಾನ. ಅದನ್ನು ಇಳಿಸಲು ಒಬ್ಬ ಅಜ್ಜಿ ಸಾಕಾದಳು.

ಅಳಿದದ್ದು, ಉಳಿದದ್ದು

ಸ್ವಾಮಿಯ ಪಾದದ ಬಳಿ ಇದನ್ನು ಮಾಡಿಸಿದವನು ಚಾವುಂಡರಾಯ ಎಂದು ಕನ್ನಡ, ತಮಿಳು, ಮರಾಠಿಗಳಲ್ಲಿ ಚಿಕ್ಕ ಶಾಸನಗಳಿವೆ. ಯಾವ ಬಿರುದೂ ಇಲ್ಲ, ಯಾವ ಯುದ್ಧದ ಮಾತೂ ಇಲ್ಲ. ಹೆಸರು ಮಾತ್ರ.

ಯುದ್ಧಗಳ ವಿವರವಿದ್ದ ಉದ್ದನೆಯ ಶಾಸನ ಅದೇ ಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದ ಮೇಲಿತ್ತು. ಚಾವುಂಡರಾಯನು ದಾನಗಳನ್ನು ಹಂಚುತ್ತಿದ್ದ ಜಾಗ ಅದು ಎನ್ನುತ್ತಾರೆ. 1200ರ ಸುಮಾರಿಗೆ ಹೆಗ್ಗಡೆ ಕಣ್ಣ ಎಂಬವನು ತನ್ನ ಚಿಕ್ಕ ಬರಹ ಕೆತ್ತಿಸಲು ಕಂಬದ ಮೂರು ಮುಖಗಳ ಹಳೆಯ ಬರಹವನ್ನು ಅಳಿಸಿಬಿಟ್ಟ. ಈಗ ಉಳಿದಿರುವುದು ಒಂದು ಮುಖದ ಭಾಗ ಮಾತ್ರ. ವೀರ ಮಾರ್ತಾಂಡನ ಕದನಗಳು ಹೀಗೆ ಕಲ್ಲಿನಿಂದಲೂ ಅಳಿದವು. ಮಾಡಿಸಿದ ಮೂರ್ತಿ, ಬರೆದ ಪುಸ್ತಕ ಉಳಿದವು.

ಚಂದ್ರಗಿರಿಯ ಮೇಲೆ ಚಾವುಂಡರಾಯ ಬಸದಿ ಇದೆ. ಅದರ ಮೇಲಂತಸ್ತಿನ ಪಾರ್ಶ್ವನಾಥ ಸ್ವಾಮಿಯ ಪೀಠದ ಶಾಸನದಲ್ಲಿ ಆತನ ಮಗ ಜಿನದೇವಣನ ಹೆಸರಿದೆ. ಆತನೂ ಅಜಿತಸೇನರ ಶಿಷ್ಯ. ತಾಯಿಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಶ್ರದ್ಧೆ ಹರಿದು ಬಂತು. 1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದುಕೊಂಡರು. ಚಾವುಂಡರಾಯನು ಕಾಪಾಡಿದ ಗಂಗ ರಾಜ್ಯ ಅಲ್ಲಿಗೆ ಮುಗಿಯಿತು. ಆದರೆ ಆತ ಹಾಕಿಕೊಟ್ಟ ಪದ್ಧತಿ ಮುಗಿಯಲಿಲ್ಲ. ನೂರು ವರ್ಷದ ನಂತರ ಹೊಯ್ಸಳ ವಿಷ್ಣುವರ್ಧನನ ಸೇನಾಪತಿ ಗಂಗರಾಜನು ಯುದ್ಧ ಗೆದ್ದು ಬಂದು, ಏನು ಬೇಕು ಎಂದು ಅರಸ ಕೇಳಿದಾಗ ಒಂದು ಗ್ರಾಮ ಪಡೆದು ಅದನ್ನು ಬಸದಿಗಳ ಪೂಜೆಗೆ ಬಿಟ್ಟ. ಗೊಮ್ಮಟ ಸ್ವಾಮಿಯ ಸುತ್ತಾಲಯ ಮಾಡಿಸಿದವನೂ ಆತನೇ.

ಇಂದಿನ ನೌಕರರಿಗೆ

ಇಂದು ಅರಸರಿಲ್ಲ, ಸಂವಿಧಾನವಿದೆ. ಧರ್ಮವನ್ನು ನಂಬುವ, ಆಚರಿಸುವ ಹಕ್ಕನ್ನು 25ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಆದರೆ ಸರ್ಕಾರದ ಸಂಬಳ ಪಡೆಯುವವನ ಮೇಲೆ ಎಲ್ಲ ಧರ್ಮದ ಜನರ ಕೆಲಸವನ್ನು ಸಮಾನವಾಗಿ ಮಾಡುವ ಜವಾಬ್ದಾರಿಯೂ ಇದೆ. ಚಾವುಂಡರಾಯನ ಜೀವನದಿಂದ ಈ ಕೆಲವು ಮಾತುಗಳನ್ನು ತೆಗೆದುಕೊಳ್ಳಬಹುದು.

ಮೊದಲನೆಯದು, ಕೆಲಸ ಒಪ್ಪಿಕೊಳ್ಳುವ ಮೊದಲೇ ಯೋಚಿಸಬೇಕು. ತನ್ನ ವ್ರತಕ್ಕೆ ಪೂರ್ತಿ ವಿರುದ್ಧವಾದ ಕೆಲಸವಾದರೆ ಸೇರದಿರುವುದೇ ಲೇಸು. ಸೇರಿದ ಮೇಲೆ ಧರ್ಮದ ಹೆಸರು ಹೇಳಿ ಅರ್ಧ ಕೆಲಸ ಮಾಡಿದರೆ ಜೊತೆಗಾರರಿಗೂ ಜನರಿಗೂ ಅನ್ಯಾಯ.

ಎರಡನೆಯದು, ಹುದ್ದೆಯಲ್ಲಿದ್ದುಕೊಂಡೇ ಹಿಂಸೆಯನ್ನು ಕಡಿಮೆ ಮಾಡುವ ಅವಕಾಶಗಳು ಬಹಳ ಇರುತ್ತವೆ. ಲಾಠಿ ಎತ್ತುವ ಮೊದಲು ಮಾತಾಡಿಸುವ ಪೊಲೀಸ್ ಅಧಿಕಾರಿ, ಬಡವನ ಅರ್ಜಿಯನ್ನು ಸುಮ್ಮನೆ ಅಲೆದಾಡಿಸದ ಗುಮಾಸ್ತ, ಇಬ್ಬರೂ ಅಹಿಂಸೆಯನ್ನೇ ಪಾಲಿಸುತ್ತಿದ್ದಾರೆ. ಮನಸ್ಸಿಗೆ ಒಪ್ಪದ ಆದೇಶ ಬಂದಾಗ ಅದನ್ನು ಬಚ್ಚಿಟ್ಟು ತಪ್ಪಿಸಿಕೊಳ್ಳುವುದಕ್ಕಿಂತ ಮೇಲಧಿಕಾರಿಯ ಮುಂದೆ ನೇರವಾಗಿ ಹೇಳಿ ಬೇರೆ ಜವಾಬ್ದಾರಿ ಕೇಳುವುದು ಸತ್ಯವ್ರತಕ್ಕೆ ತಕ್ಕದ್ದು.

ಮೂರನೆಯದು, ಸ್ವಂತ ಆಚಾರವನ್ನು ಬಿಡಬೇಕಾಗಿಲ್ಲ. ಚಾರಿತ್ರಸಾರ ಬರೆದ ಸೇನಾಪತಿ ರಾತ್ರಿಭೋಜನ ತ್ಯಾಗವನ್ನು ಅಣುವ್ರತಗಳ ಸಾಲಿನಲ್ಲಿಯೇ ಸೇರಿಸಿದ್ದಾನೆ. ಯುದ್ಧದ ಬೀಡುಗಳನ್ನು ಕಂಡವನೇ ಅದನ್ನು ಬರೆದಿದ್ದಾನೆ. ಕಚೇರಿಯ ಊಟದ ಡಬ್ಬಿಯಲ್ಲಿ ಧರ್ಮ ಪಾಲಿಸುವುದು ಅದಕ್ಕಿಂತ ಕಷ್ಟವಲ್ಲ. ಆದರೆ ಅದನ್ನು ಇತರರ ಮೇಲೆ ಹೇರಬಾರದು.

ನಾಲ್ಕನೆಯದು, ಸಿಟ್ಟಿನ ಲೆಕ್ಕ. ಕರ್ತವ್ಯದ ಹೆಸರಿನಲ್ಲಿ ಸ್ವಂತ ಸೇಡು ತೀರಿಸಿಕೊಳ್ಳುವ ಅವಕಾಶ ಅಧಿಕಾರದಲ್ಲಿರುವ ಪ್ರತಿಯೊಬ್ಬನಿಗೂ ಬರುತ್ತದೆ. ಒಂದು ನೋಟಿಸ್, ಒಂದು ವರ್ಗಾವಣೆ, ತಡೆಹಿಡಿದ ಒಂದು ಬಿಲ್ಲು ಸಾಕು. ನಿಯಮದ ಪ್ರಕಾರ ಅದು ಸರಿಯಾಗಿಯೇ ಇರಬಹುದು. ಯಾವ ಮೇಲಧಿಕಾರಿಯ ತನಿಖೆಯಲ್ಲೂ ಅದು ಸಿಕ್ಕಿಬೀಳುವುದಿಲ್ಲ. ಆದರೆ ಗೊಮ್ಮಟಸಾರದ 15 ದಿನ, 6 ತಿಂಗಳ ಲೆಕ್ಕದಿಂದ ಯಾರೂ ತಪ್ಪಿಸಿಕೊಳ್ಳಲಾಗದು. ಪ್ರತಿದಿನದ ಪ್ರತಿಕ್ರಮಣದಲ್ಲಿ ಇದನ್ನು ನೋಡಿಕೊಳ್ಳಬೇಕು.

ಮಹಾಮಸ್ತಕಾಭಿಷೇಕಕ್ಕೆ ಬೆಟ್ಟ ಹತ್ತುವ ಲಕ್ಷಾಂತರ ಜನರಲ್ಲಿ ನೌಕರಿಯಿಂದ ರಜೆ ಹಾಕಿ ಬಂದವರೇ ಬಹಳ. ಸ್ವಾಮಿಯ ದರ್ಶನ ಮಾಡಿ ಇಳಿಯುವಾಗ ತ್ಯಾಗದ ಕಂಬದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಅಲ್ಲಿ ದಾನ ಮಾಡುತ್ತಿದ್ದವನೂ ರಾಜ್ಯದ ಕೆಲಸಕ್ಕೆ ಹಿಂದಿರುಗಬೇಕಾಗಿದ್ದ ಒಬ್ಬ ನೌಕರನೇ. ಮನೆಯ ಮಕ್ಕಳಿಗೆ ಚಾವುಂಡರಾಯನ ಈ ಮುಖವನ್ನೂ ಪರಿಚಯಿಸಿ.

ಜೈ ಜಿನೇಂದ್ರ.